ಬಾಗಿಲ ಹೊರಗೆ ನಿಲ್ಲುವವರು

ಪರೀಕ್ಷೆಯ ದಿನ ಬೆಳಿಗ್ಗೆ ಸಿಸೆಲ್ ಮೂರು ಸಲ ಅಂಗಿ ಬದಲಾಯಿಸಿದಳು. ಪರೀಕ್ಷಕರಿಗಾಗಿ ಅಲ್ಲ. ಪರೀಕ್ಷಕರು ಇದ್ದದ್ದೇ ಇಬ್ಬರು, ಅವರಲ್ಲಿ ಒಬ್ಬಳು ನಾಲ್ಕು ವರ್ಷದಿಂದ ಅವಳನ್ನು ಒಂದೇ ಬೂದು ಸ್ವೆಟರಿನಲ್ಲಿ ನೋಡುತ್ತ ಬಂದವಳು. ಅಂಗಿ ಬದಲಾಯಿಸಿದ್ದು ಪರೀಕ್ಷೆ ಮುಗಿದ ಮೇಲೆ ತೆಗೆಯುವ ಫೋಟೋಗಾಗಿ. ಫೋಟೋ ತೆಗೆಯುವವರು ಬರುತ್ತಾರೋ ಇಲ್ಲವೋ ಅನ್ನುವುದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಕೇಳಿ ತಿಳಿದುಕೊಳ್ಳುವ ಹಾಗೂ ಇರಲಿಲ್ಲ.

ಡೇನರ ನಾಡಿನ ಪದ್ಧತಿಯೇ ಹಾಗೆ. ಕೊನೆಯ ವರ್ಷದ ಪ್ರಬಂಧ ಬರೆದು, ಇಬ್ಬರು ಪರೀಕ್ಷಕರ ಮುಂದೆ ಒಂದು ಗಂಟೆ ಕೂತು ಅದನ್ನು ಸಮರ್ಥಿಸಿ, ಅಂಕ ತೆಗೆದುಕೊಂಡು ಬಾಗಿಲು ತೆರೆದರೆ ಹೊರಗೆ ನಿಮ್ಮವರು ನಿಂತಿರಬೇಕು. ಅವರ ಕೈಯಲ್ಲಿ ಕಡ್ಡಿಗೆ ಅಂಟಿಸಿದ ಕೆಂಪು ಬಿಳಿ ಕಾಗದದ ಬಾವುಟ, ನೊರೆ ಉಕ್ಕುವ ವೈನಿನ ಬಾಟಲಿ, ಕೆನೆ ತುಂಬಿದ ಪದರದ ಕೇಕು. ಬಾಗಿಲು ತೆರೆದೊಡನೆ ಹಾಡು, ಆಮೇಲೆ ಹೆಸರು ಹಿಡಿದು ‘ಹುರ್ರೇ’ ಎಂಬ ಜಯಕಾರ, ಮೂರು ಗಿಡ್ಡ, ಒಂದು ಉದ್ದ. ಇದಕ್ಕೆ ಯಾರನ್ನೂ ಕರೆಯುವಂತಿಲ್ಲ. ದಿನ, ಹೊತ್ತು, ಕೋಣೆ ಎಲ್ಲವನ್ನೂ ವಿಭಾಗದವರು ಪಟ್ಟಿಯಲ್ಲಿ ಹಾಕಿರುತ್ತಾರೆ. ನಿಮ್ಮ ಮೇಲೆ ಪ್ರೀತಿ ಇರುವವರು ಅದನ್ನು ನೋಡಿಕೊಂಡು, ನಿಮಗೆ ಸುಳಿವು ಕೊಡದೆ ಬಂದು ನಿಲ್ಲಬೇಕು. ತಾನಾಗಿ ಹೋಗಿ ನನ್ನ ಬಾಗಿಲ ಹೊರಗೆ ಬಂದು ನಿಲ್ಲಿ ಅಂದರೆ, ತನ್ನ ಸನ್ಮಾನಕ್ಕೆ ತಾನೇ ಹಾರ ಕೊಂಡು ತಂದ ಹಾಗೆ. ಡೇನರು ಪ್ರಾಣ ಹೋದರೂ ಆ ಕೆಲಸ ಮಾಡುವವರಲ್ಲ.

ಪದ್ಧತಿ ಚೆನ್ನಾಗಿಯೇ ಇದೆ, ಆದರೆ ಅದರಲ್ಲೊಂದು ತೊಡಕಿದೆ. ಬರುವವರೂ ಅಲ್ಲಿಯ ತನಕ ಸುಮ್ಮನಿರುತ್ತಾರೆ, ಬಾರದವರೂ ಸುಮ್ಮನಿರುತ್ತಾರೆ. ಯಾವುದು ಯಾವ ಮೌನ ಎಂದು ತಿಳಿಯುವುದು ಹೇಗೆ? ಸಿಸೆಲ್ ಮೂರು ವಾರದಿಂದ ಇದೊಂದನ್ನೇ ತಲೆಯಲ್ಲಿ ಹಾಕಿಕೊಂಡು ಒದ್ದಾಡುತ್ತಿದ್ದಳು. ಒಂದು ದಿನ ಹಳೆಯ ಗೆಳೆಯ ಲೌಸ್ಟ್ ಫೋನಿಗೆ ಒಂದು ಸಾಲು ಕಳಿಸಿದ್ದ, ಅವಳಿರುವ ಆರ್ಹೂಸಿನಲ್ಲಿ ಬಿಸಿಲು ಹೇಗಿದೆ ಅಂತ. ಅವನಿಗೇಕೆ ಆರ್ಹೂಸಿನ ಬಿಸಿಲು? ಅವನಿರುವುದು ಕೋಪನ್‌ಹೇಗನ್ನಿನಲ್ಲಿ. ಬರುವ ಅಂದಾಜಿನಲ್ಲೇ ಕೇಳಿದ್ದಾನೆ ಎಂದು ಅವಳು ಎರಡು ದಿನ ಖುಷಿಯಾಗಿದ್ದಳು. ಮೂರನೆಯ ದಿನ ಅವನು ಹೆಂಡತಿಯ ಜೊತೆ ಅದೇ ಊರಿನ ಕಡಲ ದಂಡೆಯಲ್ಲಿ ಐಸ್‌ಕ್ರೀಂ ತಿನ್ನುತ್ತಿರುವ ಚಿತ್ರ ಹಾಕಿದ. ಆರ್ಹೂಸಿಗೆ ಬಂದು ಹೋಗಿದ್ದ. ಅವಳಿಗೆ ಹೇಳಿರಲಿಲ್ಲ, ಅಷ್ಟೇ.

ಸಿಸೆಲ್‌ಗೆ ಈಗ ಇಪ್ಪತ್ತೆಂಟು. ಸಾಹಿತ್ಯ ಮತ್ತು ಕಲೆ ಓದಲು ಈ ಊರಿಗೆ ಬಂದಾಗ ಇಪ್ಪತ್ತು. ನಾವು ಪಾಶ್ಚಾತ್ಯ ಸಾಹಿತ್ಯ ಎಂದು ದೊಡ್ಡ ಹೆಸರಿಟ್ಟು ಕರೆಯುವುದನ್ನು ಅಲ್ಲಿ ಬರೀ ಸಾಹಿತ್ಯ ಅನ್ನುತ್ತಾರೆ. ವ್ಯತ್ಯಾಸ ಅಷ್ಟೇ. ಅದನ್ನು ಓದಿ ಏನು ಮಾಡುತ್ತೀಯ ಎಂದು ಕೇಳುವವರು ಅಲ್ಲಿಯೂ ಬೇಕಾದಷ್ಟು ಇದ್ದಾರೆ. ಅವಳ ಅಣ್ಣನೇ ಕೇಳಿದ್ದ. ಅಪ್ಪ ಅನ್ನುವವನು ಬಹಳ ಹಿಂದೆಯೇ ಬೇರೆ ಸಂಸಾರ ಹೂಡಿದ್ದ, ಅಮ್ಮ ಅವಳ ಓದಿನ ಮೂರನೆಯ ವರ್ಷದಲ್ಲಿ ತೀರಿಕೊಂಡಳು, ಉಳಿದವನು ಈ ಅಣ್ಣ ಒಬ್ಬ. ಉತ್ತರ ಸಮುದ್ರದ ತೈಲ ಬಾವಿಯ ಕಟ್ಟೆಯಲ್ಲಿ ಅವನ ಕೆಲಸ, ಎರಡು ವಾರ ನೀರಿನ ಮೇಲೆ, ಮೂರು ವಾರ ನೆಲದ ಮೇಲೆ. ಪರೀಕ್ಷೆ ಬಿದ್ದದ್ದು ನೀರಿನ ವಾರದಲ್ಲಿ. ಬೆಳಿಗ್ಗೆ ಎದ್ದು ನೋಡಿದರೆ ಅವನಿಂದ ಒಂದು ಹೆಬ್ಬೆರಳಿನ ಚಿತ್ರ ಬಂದಿತ್ತು. ಅವನಿಗೆ ಅಷ್ಟು ನೆನಪಿದ್ದದ್ದೇ ಹೆಚ್ಚು ಎಂದುಕೊಂಡಳು.

ಮೊದಲ ವರ್ಷ ವಿಭಾಗದವರೇ ನಾಲ್ಕು ನಾಲ್ಕು ಜನರನ್ನು ಹಿಡಿದು ಒಂದೊಂದು ಓದುಬಳಗ ಮಾಡಿ ಕೂರಿಸುತ್ತಾರೆ. ಬಹುಪಾಲು ಬಳಗಗಳು ಕ್ರಿಸ್‌ಮಸ್ಸಿನ ಹೊತ್ತಿಗೆ ಚೆದುರಿ ಹೋಗುತ್ತವೆ. ಸಿಸೆಲ್‌ಳದ್ದು ಐದು ವರ್ಷ ನಿಂತಿತು, ನಿಂತದ್ದು ಮಾರೆನ್ ದೆಸೆಯಿಂದ. ಮಾರೆನ್ ದೊಡ್ಡ ಬಾಯಿಯ, ದೊಡ್ಡ ಕೈಗಳ ಹುಡುಗಿ, ಹಂದಿ ಸಾಕುವವರ ಮನೆಯಿಂದ ಬಂದವಳು. ಪ್ರತಿ ಗುರುವಾರ ಅವಳ ಅಡುಗೆಮನೆಯಲ್ಲಿ ಈರುಳ್ಳಿ ಸೊಪ್ಪಿನ ಸಾರು ಕುದಿಯುತ್ತಿತ್ತು, ನಾಲ್ವರೂ ಪಾತ್ರ ಹಂಚಿಕೊಂಡು ನಾಟಕಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಹೆಂಗಸರ ಪಾತ್ರವೆಲ್ಲ ಲೌಸ್ಟ್‌ಗೆ, ಏಕೆಂದರೆ ಅವನಿಗೆ ಅಳಲು ಬರುತ್ತಿತ್ತು. ನಾಲ್ಕನೆಯವನು ಎಸ್ಕಿಲ್, ರಾಜರನ್ನೆಲ್ಲ ಒಂದೇ ದನಿಯಲ್ಲಿ ಓದಿ ಬೈಸಿಕೊಳ್ಳುತ್ತಿದ್ದ. ಶನಿವಾರ ಕಲಾಸಂಗ್ರಹಾಲಯಕ್ಕೆ ಹೋಗಿ ಒಂದೇ ಚಿತ್ರದ ಮುಂದೆ ಅರ್ಧ ಗಂಟೆ ನಿಂತು, ಆಮೇಲೆ ಚಿತ್ರಕ್ಕೆ ಬೆನ್ನು ತಿರುಗಿಸಿ, ಏನು ಕಂಡಿತು ಎಂದು ಒಬ್ಬೊಬ್ಬರೇ ಹೇಳಬೇಕು. ಸಿಸೆಲ್ ಹೇಳುವಾಗ ಉಳಿದವರು ಸುಮ್ಮನಾಗುತ್ತಿದ್ದರು. ತಾನು ಯಾವುದಕ್ಕಾದರೂ ಲಾಯಕ್ಕು ಎಂದು ಅವಳಿಗೆ ಅನ್ನಿಸಿದ್ದು ಆ ದಿನಗಳಲ್ಲಿ ಮಾತ್ರ.

ಅಮ್ಮ ಹೋದ ವರ್ಷ ಅವಳು ಹಿಂದೆ ಬಿದ್ದಳು. ಮೊದಲು ಒಂದು ಪರೀಕ್ಷೆ, ಆಮೇಲೆ ಮೂರು, ಆಮೇಲೆ ಲೆಕ್ಕವೇ ತಪ್ಪಿತು. ಎಸ್ಕಿಲ್ ಪ್ರಬಂಧ ಮುಗಿಸಿದ ದಿನ ಅವಳು ಬಾಗಿಲ ಹೊರಗೆ ಬಾವುಟ ಹಿಡಿದು ನಿಂತಿದ್ದಳು. ಲೌಸ್ಟ್ ಮುಗಿಸಿದ ದಿನವೂ ನಿಂತಿದ್ದಳು. ಎರಡು ಸಲವೂ ಯಾರೋ ಒಬ್ಬರು ಕೇಳಿದರು, ನಗುತ್ತ, ಕೆಟ್ಟ ಮನಸ್ಸಿಲ್ಲದೆ, “ನಿಂದು ಯಾವಾಗ?” ಮಾರೆನ್ ಸರದಿ ಬಂದಾಗ ಕೇಕು ತರುವುದು ಸಿಸೆಲ್ ಪಾಲಿಗೆ ಬಿದ್ದಿತು. ಆ ಬಾಗಿಲ ಮುಂದೆ ಅವಳು ಕಾಣಿಸಲಿಲ್ಲ. ಸಂಜೆ, ಜ್ವರ ಬಂದಿತ್ತು ಎಂದು ಒಂದು ಸಾಲು ಕಳಿಸಿದಳು. ಮಾರೆನ್ ‘ಸರಿ’ ಎಂದು ಒಂದೇ ಒಂದು ಪದ ಬರೆದಳು. ಅದಾಗಿ ಈಗ ಎರಡು ವರ್ಷ.

ಆ ಎರಡು ವರ್ಷ ಹೇಗೆ ಕಳೆಯಿತು ಎಂದು ಕೇಳಿದರೆ ಹೇಳುವಂಥದ್ದೇನೂ ಇಲ್ಲ. ಗ್ರಂಥಾಲಯದ ಎರಡನೆಯ ಮಹಡಿ, ಕಿಟಕಿಯಿಂದ ಮೂರನೆಯ ಮೇಜು. ಮಧ್ಯಾಹ್ನ ಡಬ್ಬಿಯಿಂದ ರೈ ಬ್ರೆಡ್ಡು, ಅದರ ಮೇಲೆ ಹಚ್ಚಿದ ಲಿವರಿನ ಮುದ್ದೆ. ಸಂಜೆ ಅಂಗಡಿ. ಎಷ್ಟೋ ದಿನ ಅವಳ ಬಾಯಿಂದ ಹೊರಟ ಮಾತೆಂದರೆ ಅಂಗಡಿಯವಳಿಗೆ ಹೇಳಿದ ‘ಚೀಲ ಬೇಡ’ ಒಂದೇ. ಅಕ್ಕಪಕ್ಕದ ಮೇಜಿಗೆ ಬರುವ ಹುಡುಗ ಹುಡುಗಿಯರು ಬರಬರುತ್ತ ಚಿಕ್ಕವರಾದರು. ಅವರು ಅವಳನ್ನು ಕೆಲಸದವಳೋ ಏನೋ ಎಂದು ಭಾವಿಸಿ ಮುದ್ರಣ ಯಂತ್ರ ಕೆಟ್ಟಿದೆ ಎಂದು ಬಂದು ಹೇಳುತ್ತಿದ್ದರು. ಅವಳು ಹೋಗಿ ಸರಿ ಮಾಡಿ ಕೊಡುತ್ತಿದ್ದಳು. ಸ್ವಭಾವದಿಂದ ಏಕಾಂತ ಬೇಡುವವರು ಕೆಲವರಿರುತ್ತಾರೆ, ಸಿಸೆಲ್ ಅಂಥವಳಲ್ಲ. ಅವಳಿಗೆ ಜನ ಬೇಕಿತ್ತು, ಗುರುವಾರದ ಸಾರು ಬೇಕಿತ್ತು, ಮುಖ್ಯವಾಗಿ ಮಾರೆನ್ ಬೇಕಿತ್ತು. ಬೇಕು ಅನ್ನಲು ಮುಖವಿರಲಿಲ್ಲ. ಪ್ರಬಂಧ ಒಂದು ಮುಗಿಯಲಿ, ಆಗ ತಲೆ ಎತ್ತಿಕೊಂಡು ಹೋಗೋಣ ಎಂದು ದಿನ ತಳ್ಳಿದಳು.

ಪರೀಕ್ಷೆ ಇದ್ದದ್ದು ಜೂನ್ ತಿಂಗಳ ಒಂದು ಮಂಗಳವಾರ, ಮಧ್ಯಾಹ್ನ ಒಂದೂವರೆಗೆ, ಮೂರನೆಯ ಮಹಡಿಯ ಮೂಲೆ ಕೋಣೆಯಲ್ಲಿ. ಹಳದಿ ಬಣ್ಣದ ಅಂಗಿಯಲ್ಲಿ ಬಂದ ಸಿಸೆಲ್‌ಳನ್ನು ನೋಡಿ ಅವಳ ಮಾರ್ಗದರ್ಶಿ ವಿಬೆಕೆ ಹುಬ್ಬೇರಿಸಿದಳು. ಅರವತ್ತರ ಹೆಂಗಸು, ಕತ್ತಿನಲ್ಲಿ ಎರಡೆರಡು ಕನ್ನಡಕ.

“ಓಹೋ, ಮದುವಣಗಿತ್ತಿ ಬಂದ್ಲು,” ಅಂದಳು ವಿಬೆಕೆ. “ಕೂತ್ಕೋ. ಇವರು ತೋರ್ಕಿಲ್, ಹೊರಗಿನ ಪರೀಕ್ಷಕರು. ಕಚ್ಚಲ್ಲ. ಕಚ್ಚಿದ್ರೂ ಒಂದು ಗಂಟೆ ಅಷ್ಟೇ.”

ತೋರ್ಕಿಲ್ ತೆಳ್ಳಗಿನ ಮನುಷ್ಯ, ಬೇರೆ ಊರಿನ ಕಾಲೇಜಿನಿಂದ ಬಂದವನು. ಅವಳ ಪ್ರಬಂಧದ ಪ್ರತಿಯ ತುಂಬ ಹಳದಿ ಚೀಟಿ ಅಂಟಿಸಿಕೊಂಡಿದ್ದ. ಅಷ್ಟು ಚೀಟಿ ನೋಡಿ ಸಿಸೆಲ್‌ಗೆ ಭಯವಾಗಲಿಲ್ಲ. ತಾನು ಬರೆದದ್ದನ್ನು ಯಾರೋ ಕೂತು ಓದಿದ್ದಾರೆ, ಇಷ್ಟು ಹೊತ್ತು ತನ್ನ ಜೊತೆ ಕಳೆದಿದ್ದಾರೆ.

ಪ್ರಬಂಧದ ವಸ್ತು ಕಾಗದ ಓದುವ ಹೆಂಗಸರು. ಹಳೆಯ ಚಿತ್ರಗಳಲ್ಲಿ ಕಿಟಕಿಯ ಬಳಿ ನಿಂತು ಕಾಗದ ಓದುವ ಹೆಂಗಸರು ಬೇಕಾದಷ್ಟು ಮಂದಿ ಇದ್ದಾರೆ. ಕಾಗದದಲ್ಲಿ ಏನಿದೆ ಎಂದು ನೋಡುವವನಿಗೆ ಕೊನೆಗೂ ತಿಳಿಯುವುದಿಲ್ಲ. ಹಳೆಯ ನಾಟಕಗಳಲ್ಲಿ ಹಾಗಲ್ಲ, ಅಲ್ಲಿ ಹೆಂಗಸು ಕೋಣೆಯಲ್ಲಿ ಒಬ್ಬಳೇ ಇದ್ದರೂ ಕಾಗದವನ್ನು ಗಟ್ಟಿಯಾಗಿಯೇ ಓದಬೇಕು, ಇಲ್ಲದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಈ ಎರಡು ಓದಿನ ನಡುವೆ ಏನೇನಾಗುತ್ತದೆ ಎಂದು ಅವಳು ಎಂಬತ್ತು ಪುಟ ಬರೆದಿದ್ದಳು. ಕಾಲು ಗಂಟೆ ಅದನ್ನು ವಿವರಿಸಿದಳು.

ತೋರ್ಕಿಲ್ ಒಂದೊಂದೇ ಚೀಟಿ ಹಿಡಿದು ಕೇಳುತ್ತ ಬಂದ. ಅವಳು ಉತ್ತರ ಹೇಳುತ್ತ ಹೋದಳು. ಕೊನೆಗೆ ಅವನು ಪ್ರತಿಯನ್ನು ಮುಚ್ಚಿಟ್ಟ.

“ಇದು ಚೀಟಿಯಲ್ಲಿಲ್ಲ, ಸುಮ್ನೆ ಕೇಳ್ತಿದೀನಿ,” ಅಂದ. “ನಾಟಕದವಳು ಗಟ್ಟಿಯಾಗಿ ಓದೋದು ಪ್ರೇಕ್ಷಕರಿಗೋಸ್ಕರ, ಒಪ್ಪಿದೆ. ಆದ್ರೆ ಅವಳಿಗೆ ಪ್ರೇಕ್ಷಕರು ಇದಾರೆ ಅಂತ ಗೊತ್ತಿಲ್ಲವಲ್ಲ. ಅವಳ ಮಟ್ಟಿಗೆ ಕೋಣೆ ಖಾಲಿ. ಮತ್ತೆ ಅವಳು ಯಾರಿಗೋಸ್ಕರ ಬಾಯಿ ಬಿಟ್ಟು ಓದ್ತಾಳೆ?”

ಸಿಸೆಲ್ ಹಿಂದೆ ಮುಂದೆ ನೋಡದೆ ಹೇಳಿಬಿಟ್ಟಳು. “ಒಬ್ಬಳೇ ಇರೋದಕ್ಕೇ ಓದ್ತಾಳೆ. ಜೊತೇಲಿ ಯಾರಾದ್ರೂ ಇದ್ದಿದ್ರೆ ಮನಸ್ಸಲ್ಲೇ ಓದ್ಕೋತಿದ್ಲು. ಒಬ್ಬರೇ ಇರೋರು ಮನೇಲಿ ಗಟ್ಟಿಯಾಗೇ ಓದ್ತಾರೆ. ಹಾಲಿನ ಡಬ್ಬಿ ಮೇಲೆ ಬರೆದಿರೋದನ್ನೂ ಓದ್ತಾರೆ. ಮನುಷ್ಯರ ದನಿ ಕೇಳಲಿ ಅಂತ.”

“ಇದು ಪ್ರಬಂಧದಲ್ಲಿ ಇದೆಯಾ?”

“ಇಲ್ಲ.”

“ಆಧಾರ?” ಅಂದಳು ವಿಬೆಕೆ, ತಮಾಷೆಗೆ. ಸಿಸೆಲ್ ಮುಖ ನೋಡಿದ ಮೇಲೆ ತಮಾಷೆ ಅಲ್ಲಿಗೇ ನಿಂತಿತು. ತೋರ್ಕಿಲ್ ಕಾಫಿಯ ಲೋಟದಲ್ಲಿ ಏನೋ ಹುಡುಕಿದ.

ಅಷ್ಟರಲ್ಲಿ ಹೊರಗಿನಿಂದ ನಗು ಕೇಳಿಸಿತು. ಹಲವು ಜನರ ನಗು, ಬಾಟಲಿಗೆ ಗಾಜಿನ ಲೋಟ ತಾಗಿದ ಸದ್ದು, ‘ಶ್‌ಶ್’ ಎಂದು ಗದರಿಸಿದ ಸದ್ದು.

“ನಿನ್ನವರು ಗಲಾಟೆ ಶುರು ಮಾಡಿದ್ರು,” ಅಂದಳು ವಿಬೆಕೆ, ಬದುಕಿದೆ ಎನ್ನುವ ಹಾಗೆ. “ಸರಿ, ಹೊರಗೆ ಹೋಗಿರು. ನಾವಿಬ್ಬರೂ ಜಗಳ ಆಡಿ ಕರೀತೀವಿ.”

ಅಂಕ ತೀರ್ಮಾನಿಸುವ ಹೊತ್ತು ಅಭ್ಯರ್ಥಿ ಹೊರಗಿರಬೇಕು. ಸಿಸೆಲ್ ಎದ್ದಳು. ಬಾಗಿಲಿಗೆ ನಾಲ್ಕೇ ಹೆಜ್ಜೆ. ಬಂದಿದ್ದಾರೆ. ಲೌಸ್ಟ್ ಐಸ್‌ಕ್ರೀಂ ಚಿತ್ರ ಹಾಕಿದ್ದು ದಾರಿ ತಪ್ಪಿಸಲಿಕ್ಕೇ ಇರಬೇಕು. ಆ ‘ಶ್‌ಶ್’ ಮಾರೆನ್‌ಳದ್ದೇ, ಅಷ್ಟು ಜೋರಾಗಿ ಸುಮ್ಮನಿರಿಸುವವಳು ಬೇರೆ ಯಾರು? ಅವಳು ಹಿಡಿಕೆ ತಿರುಗಿಸಿ ಬಾಗಿಲು ತೆರೆದಳು.

ಆರೇಳು ಬಾವುಟಗಳು ಒಟ್ಟಿಗೆ ಮೇಲೆದ್ದವು. ಆಸರೆಗೆ ನಡೆಗಾಡಿ ಹಿಡಿದು ನಿಂತಿದ್ದ ಅಜ್ಜಿಯೊಬ್ಬಳು ಎಲ್ಲರಿಗಿಂತ ಮೊದಲು ಹಾಡು ಎತ್ತಿದಳು. ಹಾಡು ಎರಡು ಪದ ಹೋಗುವಷ್ಟರಲ್ಲಿ ಟೈ ಕಟ್ಟಿದ ಗಂಡಸೊಬ್ಬ ಅವಳ ಭುಜ ಮುಟ್ಟಿದ.

“ಅಮ್ಮ, ಇವಳಲ್ಲ. ನಿಲ್ಸು, ಇವಳಲ್ಲ.”

ಬಾವುಟಗಳು ಕೆಳಗಿಳಿದವು. ಒಂದೂ ಗೊತ್ತಿರುವ ಮುಖವಿರಲಿಲ್ಲ.

“ಕ್ಷಮ್ಸಿ,” ಅಂದ ಟೈ ಕಟ್ಟಿದವನು. ಅವನ ಮುಖವೂ ಕೆಂಪಾಗಿತ್ತು. “ನಮ್ಮ ಹುಡುಗ ಸೀಲಾಸ್ ಎದುರಿನ ಕೋಣೇಲಿದಾನೆ. ಅಮ್ಮ ಹಟ ಮಾಡಿದ್ಲು ಅಂತ ಒಂದು ಗಂಟೆ ಮುಂಚೆ ಬಂದ್ಬಿಟ್ವಿ. ಗಲಾಟೆಯಿಂದ ತೊಂದ್ರೆ ಆಯ್ತಾ? ಈ ಕೋಣೆ ಖಾಲಿ ಅಂದ್ಕೊಂಡಿದ್ವಿ.”

“ಖಾಲಿ ಇಲ್ಲ. ನಾನಿದ್ದೆ,” ಅಂದಳು ಸಿಸೆಲ್.

“ಪಟ್ಟೀಲಿ ಹೆಸರೇ ಇರ್ಲಿಲ್ಲ ನೋಡಿ. ‘ಹೆಸರು ತೋರಿಸಿಲ್ಲ’ ಅಂತ ಮಾತ್ರ ಇತ್ತು. ಯಾರೋ ಪರೀಕ್ಷೆಗೆ ಬರೋದಿಲ್ಲ ಅಂದಿರಬೇಕು ಅಂದ್ಕೊಂಡ್ವಿ.”

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಪಟ್ಟಿಯನ್ನು ಅವಳು ತೆರೆದು ನೋಡಿರಲೇ ಇಲ್ಲ, ಹೊತ್ತು ಮತ್ತು ಕೋಣೆಯ ವಿವರ ಪತ್ರದಲ್ಲೇ ಬಂದಿತ್ತು. ಆಮೇಲೆ ನೆನಪಾಯಿತು. ಮಾರ್ಚ್ ತಿಂಗಳಲ್ಲಿ ಪ್ರಬಂಧ ಒಪ್ಪಿಸುವಾಗ ತುಂಬಿದ ಅರ್ಜಿ. ಅದರ ಕೊನೆಯಲ್ಲಿ ಒಂದು ಪ್ರಶ್ನೆ, ಪಟ್ಟಿಯಲ್ಲಿ ನಿಮ್ಮ ಹೆಸರು, ಸೇರಿದ ವರ್ಷ ತೋರಿಸಬಹುದೇ? ಸೇರಿದ ವರ್ಷ ನೋಡಿದರೆ ಎಂಟು ವರ್ಷ ತೆಗೆದುಕೊಂಡಿದ್ದಾಳೆ ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಅವಳು ‘ಬೇಡ’ ಎಂಬಲ್ಲಿ ಗುರುತು ಹಾಕಿದ್ದಳು. ಹಾಕಿ, ಮರೆತು, ಮೂರು ವಾರ ಯಾರು ಬರುತ್ತಾರೆ ಎಂದು ಕಾದಿದ್ದಳು.

ಯಾರಿಗೂ ಬರಲು ಮನಸ್ಸಿರಲಿಲ್ಲವೋ, ಮನಸ್ಸಿದ್ದವರಿಗೆ ತಿಳಿಯಲಿಲ್ಲವೋ, ಇನ್ನು ಗೊತ್ತಾಗುವ ಹಾಗೇ ಇಲ್ಲ. ಸಿಸೆಲ್ ಗೋಡೆಗೆ ಒರಗಿ ನಿಂತಳು. ಅಜ್ಜಿ ಅವಳನ್ನೇ ನೋಡುತ್ತಿದ್ದಳು.

“ನಿನ್ನೋರು ಎಲ್ಲಮ್ಮ?” ಎಂದಳು ಅಜ್ಜಿ.

“ಬರ್ತಾರೆ.”

“ಹೊತ್ತಾಯ್ತಲ್ಲ.”

“ಅಮ್ಮ, ನಿಂಗ್ಯಾಕೆ,” ಅಂದ ಟೈ ಕಟ್ಟಿದವನು.

ಹತ್ತು ನಿಮಿಷಕ್ಕೆ ವಿಬೆಕೆ ಕರೆದಳು. ಒಳಗೆ ಇಬ್ಬರೂ ಎದ್ದು ನಿಂತಿದ್ದರು. ಹನ್ನೆರಡು ಅಂದರು. ಅದಕ್ಕಿಂತ ಮೇಲಿನ ಅಂಕ ಆ ದೇಶದಲ್ಲಿಲ್ಲ. ತೋರ್ಕಿಲ್ ಏನೇನೋ ಒಳ್ಳೆಯ ಮಾತು ಹೇಳಿದ, ಮುದ್ರಿಸಬೇಕು, ಮುಂದೆ ಓದಬೇಕು, ಹಾಲಿನ ಡಬ್ಬಿಯ ಮಾತನ್ನು ಖಂಡಿತ ಸೇರಿಸಬೇಕು. ಸಿಸೆಲ್ ತಲೆಯಾಡಿಸಿದಳು. ಎಂಟು ವರ್ಷ ಕಾದ ಮಾತುಗಳು ಅವು, ಒಂದೂ ಒಳಕ್ಕಿಳಿಯಲಿಲ್ಲ. ಅವಳ ಕಣ್ಣು ಬಾಗಿಲ ಮೇಲಿತ್ತು. ಅದನ್ನು ಈಗ ತೆರೆಯಬಾರದು ಎಂದು ಹೇಳುವುದು ಹೇಗೆ?

ಹೇಳುವಷ್ಟರಲ್ಲಿ ವಿಬೆಕೆ ತೆರೆದಾಗಿತ್ತು. ಒಳ್ಳೆಯ ಅಂಕ ಬಂದಾಗ ಬಾಗಿಲು ತೆರೆದು ಕೂಗುವುದು ಅವಳ ಪಾಲಿನ ಸಂತೋಷ, ಅದನ್ನು ಅವಳು ಯಾರಿಗೂ ಬಿಟ್ಟುಕೊಟ್ಟವಳಲ್ಲ.

“ಹನ್ನೆರಡು!” ಎಂದು ಕೂಗಿದಳು ಹೊರಗೆ ನಿಂತವರಿಗೆ. “ನಿಮ್ಮ ಹುಡುಗಿಗೆ ಹನ್ನೆರಡು!”

ಸೀಲಾಸನ ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಅಜ್ಜಿ ಬಾವುಟ ಎತ್ತಿದಳು. “ಏನು ನೋಡ್ತೀರಿ? ಹಾಡ್ರೋ,” ಅಂದಳು. ಅವರು ಹಾಡಿದರು. ಚೆನ್ನಾಗಿಯೇ ಹಾಡಿದರು, ಕಾಟಾಚಾರಕ್ಕಲ್ಲ. ಒಳ್ಳೆಯ ಜನ. ಹಾಡು ಮುಗಿದು ಜಯಕಾರಕ್ಕೆ ಬಂದಾಗ ಎಲ್ಲರೂ ತಡವರಿಸಿದರು. ಜಯಕಾರಕ್ಕೆ ಹೆಸರು ಬೇಕು.

“ನಿನ್ ಹೆಸರೇನಮ್ಮ?” ಎಂದು ಕೇಳಿದಳು ಅಜ್ಜಿ.

“ಸಿಸೆಲ್.”

“ಗಟ್ಟಿಯಾಗಿ ಹೇಳು, ನಂಗೆ ಕಿವಿ ಮಂದ.”

“ಸಿಸೆಲ್!” ಎಂದು ಅವಳು ತನ್ನ ಜಯಕಾರಕ್ಕೆ ತನ್ನ ಹೆಸರನ್ನು ತಾನೇ ಕೂಗಿ ಕೊಟ್ಟಳು. ಅವರು ಮೂರು ಗಿಡ್ಡ, ಒಂದು ಉದ್ದ ಜಯಕಾರ ಹಾಕಿದರು. ಅವಳು ನಕ್ಕು ವಂದಿಸಿದಳು. ಅಂಥ ನಗು ಯಾರಿಗೂ ಬರದಿರಲಿ.

ವಿಬೆಕೆಯ ಕೈ ಹಿಡಿಕೆಯ ಮೇಲೇ ಇತ್ತು. ಹೆಸರು ಕೇಳಿದ್ದು ಅವಳ ಕಿವಿಗೂ ಬಿದ್ದಿತ್ತು. ಅವಳು ಕನ್ನಡಕ ತೆಗೆದು ಇನ್ನೊಂದು ಕನ್ನಡಕ ಹಾಕಿಕೊಂಡಳು.

“ಸಿಸೆಲ್. ನಿನ್ನವರು…”

“ಸಂಜೆ ಬರ್ತಾರೆ. ಸಂಜೆಗೆ ಇಟ್ಕೊಂಡಿದೀವಿ,” ಅಂದಳು ಸಿಸೆಲ್ ತಟ್ಟನೆ.

“ಹೌದಾ? ಹಾಗಾದ್ರೆ ಸರಿ,” ಅಂದಳು ವಿಬೆಕೆ. ನಂಬಿದಳೋ ಇಲ್ಲವೋ, ಮೂರು ಗಂಟೆಗೆ ಅವಳಿಗೆ ಇನ್ನೊಂದು ಪರೀಕ್ಷೆ ಇತ್ತು. ಬೆನ್ನು ತಟ್ಟಿ, ಸಾಲದು ಅನ್ನಿಸಿ ಇನ್ನೊಮ್ಮೆ ತಟ್ಟಿ ಒಳಗೆ ಹೋದಳು.

ಸಿಸೆಲ್ ಮೂರು ಮಹಡಿ ಇಳಿದು ಸೈಕಲ್ ನಿಲ್ದಾಣದ ಪಕ್ಕದ ಬೆಂಚಿನ ಮೇಲೆ ಕೂತಳು. ಬಿಸಿಲು ಚುರುಗುಟ್ಟುತ್ತಿತ್ತು. ಹಳದಿ ಅಂಗಿ ಬೆನ್ನಿಗೆ ಅಂಟಿತ್ತು. ಮನೆಗೆ ಹೋದರೆ ಏನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು, ಅಂಗಿ ಬಿಚ್ಚಿಡುವುದು, ಬ್ರೆಡ್ಡು ತಿನ್ನುವುದು, ನಾ‍ಳೆಯಿಂದ ಗ್ರಂಥಾಲಯಕ್ಕೂ ಹೋಗುವಂತಿಲ್ಲ. ಇನ್ನು ‘ಪ್ರಬಂಧ ಮುಗಿಯಲಿ’ ಎನ್ನುವ ನೆಪವೂ ಇಲ್ಲ. ಅವಳಿಗೆ ತನ್ನ ಮೇಲೆಯೇ ರೇಜಿಗೆ ಹುಟ್ಟಿತು. ಗುರುತಿಲ್ಲದ ಅಜ್ಜಿಗೆ ಹೆಸರು ಕೂಗಿ ಹೇಳಿದ್ದಾಯಿತು, ಇನ್ನು ಉಳಿದ ಮಾನವೇನು? ಅವಳು ಫೋನ್ ತೆಗೆದು ಮಾರೆನ್ ಹೆಸರು ಒತ್ತಿದಳು.

ಮಾರೆನ್ ಈಗ ಸ್ಕೀವೆ ಊರಿನ ಚಿಕ್ಕ ಸಂಗ್ರಹಾಲಯದಲ್ಲಿ ಕೆಲಸಕ್ಕಿದ್ದಳು, ರೈಲಿನಲ್ಲಿ ಒಂದೂವರೆ ಗಂಟೆಯ ದೂರ. ಫೋನ್ ಐದು ಸಲ ಬಡಿದ ಮೇಲೆ ಎತ್ತಿದಳು.

“ಮಾರೆನ್, ನಾನು ಸಿಸೆಲ್.”

ಆ ಕಡೆ ಯಾವುದೋ ಬಾಗಿಲು ಮುಚ್ಚಿದ ಸದ್ದಾಯಿತು. “ಯಾವ ಸಿಸೆಲ್?”

“ಎಷ್ಟು ಜನ ಸಿಸೆಲ್ ಗೊತ್ತು ನಿಂಗೆ?”

“ಒಬ್ಬಳು ಗೊತ್ತಿದ್ಲು. ಕೇಕು ತರ್ತೀನಿ ಅಂತ ಹೋದೋಳು ಎರಡು ವರ್ಷ ಆಯ್ತು, ಇನ್ನೂ ಬಂದಿಲ್ಲ.”

ಹಳೆಯ ದನಿ, ಹಳೆಯ ನಾಲಿಗೆ. ಸಿಸೆಲ್‌ಗೆ ಅಷ್ಟಕ್ಕೇ ಕಣ್ಣು ತುಂಬಿತು. “ನಂದು ಮುಗೀತು ಕಣೆ,” ಅಂದಳು.

“ಏನು ಮುಗೀತು?”

“ಪರೀಕ್ಷೆ. ಈಗ ತಾನೇ, ಅರ್ಧ ಗಂಟೆ ಆಯ್ತು.”

“ಸುಳ್ಳು ಹೇಳ್ಬೇಡ. ನಾನು ಪ್ರತಿ ಸೋಮವಾರ ಪಟ್ಟಿ ನೋಡ್ತೀನಿ. ಹೋದ ವರ್ಷದಿಂದ ನೋಡ್ತಾನೇ ಇದೀನಿ. ನಿನ್ನೆನೂ ನೋಡಿದೆ. ನಿನ್ನ ಹೆಸರಿಲ್ಲ.”

ಸಿಸೆಲ್ ಬೆಂಚಿನ ಅಂಚು ಹಿಡಿದುಕೊಂಡಳು. “ಹೆಸರು ತೋರಿಸ್ಬೇಡಿ ಅಂದಿದ್ದೆ. ನಾನೇ ಅಂದಿದ್ದೆ. ಎಂಟು ವರ್ಷ ಆಯ್ತಲ್ಲ ಅಂತ ನಾಚಿಕೆ.”

“ಥೂ ನಿನ್ನ!” ಅಂದಳು ಮಾರೆನ್. ಆಮೇಲೆ ದನಿ ತಗ್ಗಿಸಿ ಕೇಳಿದಳು, “ಹೊರಗೆ ಯಾರಿದ್ರು?”

“ಯಾರೂ ಇರ್ಲಿಲ್ಲ. ಎದುರಿನ ಕೋಣೆಯ ಯಾವನೋ ಸೀಲಾಸನ ಮನೆಯವರು ಪಾಪ ಅಂತ ಹಾಡಿದ್ರು. ನನ್ನ ಹೆಸರು ನನ್ನನ್ನೇ ಕೇಳ್ಕೊಂಡು ಜಯಕಾರ ಹಾಕಿದ್ರು.”

ಮಾರೆನ್‌ಗೆ ನಗು ಬಂತು, ಅರ್ಧಕ್ಕೆ ನಿಂತಿತು.

“ನಿನ್ನ ದಿನ ನಂಗೆ ಜ್ವರ ಇರ್ಲಿಲ್ಲ,” ಅಂದಳು ಸಿಸೆಲ್.

“ಗೊತ್ತು. ಅಷ್ಟೂ ಗೊತ್ತಾಗಲ್ವಾ?”

“ಬಂದಿದ್ದೆ ಕಣೆ. ಕೇಕು ಹಿಡ್ಕೊಂಡೇ ಬಂದಿದ್ದೆ. ಕೆಳಗಿನ ಮಹಡಿ ಮೆಟ್ಟಿಲಲ್ಲಿ ನಿಂತಿದ್ದೆ. ಮೇಲೆ ಬಂದ್ರೆ ಎಲ್ಲರೂ ‘ನಿಂದು ಯಾವಾಗ’ ಅಂತಾರೆ ಅಂತ ಕಾಲೇ ಏಳ್ಲಿಲ್ಲ. ಹಾಡು ಶುರುವಾಗ್ಲಿ, ಗದ್ದಲದಲ್ಲಿ ಹಿಂದಿನಿಂದ ಸೇರ್ಕೊಂಡ್ಬಿಡ್ತೀನಿ ಅಂತ ಕಾಯ್ತಿದ್ದೆ. ನಿನ್ನ ಬಾಗಿಲು ತೆಗೆದಿದ್ದು ಕೇಳಿಸ್ತು. ಆಮೇಲೆ ಏನೂ ಕೇಳಿಸ್ಲೇ ಇಲ್ಲ. ಒಂದು ಸದ್ದಿಲ್ಲ. ಇಪ್ಪತ್ತು ನಿಮಿಷ ನಿಂತಿದ್ದೆ. ಎಲ್ಲರೂ ಆ ಕಡೆ ಮೆಟ್ಟಿಲಿಂದ ಇಳಿದು ಹೊರಟುಹೋಗಿದಾರೆ, ನನ್ನ ನೆನಪೂ ಯಾರಿಗೂ ಆಗಿಲ್ಲ ಅಂದ್ಕೊಂಡು ವಾಪಸ್ ಹೋದೆ.”

ಫೋನ್ ಕಡಿದುಹೋಯಿತೇನೋ ಎಂದು ಸಿಸೆಲ್ ಕಿವಿಯಿಂದ ತೆಗೆದು ನೋಡಿದಳು.

“ಹಾಡು ಯಾಕೆ ಶುರುವಾಗ್ಲಿಲ್ಲ ಗೊತ್ತಾ?” ಅಂದಳು ಮಾರೆನ್ ಕೊನೆಗೆ.

“ಯಾಕೆ?”

“ನಾನು ಬಿಡ್ಲಿಲ್ಲ. ಲೌಸ್ಟ್ ಬಾಯಿ ತೆಗೆದ, ಸುಮ್ನಿರೋ ಅಂದೆ. ಸಿಸೆಲ್ ಬರ್ಲಿ, ಆಮೇಲೆ ಅಂದೆ. ಅಪ್ಪ, ಅಮ್ಮ, ಎಸ್ಕಿಲ್, ಎಲ್ಲರೂ ಬಾವುಟ ಹಿಡ್ಕೊಂಡು ಉಸಿರು ಬಿಗಿ ಹಿಡಿದು ನಿಂತಿದ್ರು, ನೀನು ಮೆಟ್ಟಿಲು ಹತ್ತೋ ಸದ್ದು ಕೇಳಿಸುತ್ತಾ ಅಂತ. ನಿಂಗೆ ಕೇಳಿಸ್ತಲ್ಲ ಆ ಮೌನ, ಅದು ನಿಂಗೋಸ್ಕರಾನೇ ಕಣೆ.”

ಒಂದು ಮಹಡಿಯ ಅಂತರ, ಹದಿನೆಂಟು ಮೆಟ್ಟಿಲು. ಮೇಲಿನವರು ಕೆಳಗೆ ಕಿವಿಗೊಟ್ಟು ನಿಂತಿದ್ದರು, ಕೆಳಗಿನವಳು ಮೇಲೆ ಕಿವಿಗೊಟ್ಟು ನಿಂತಿದ್ದಳು. ಎರಡು ವರ್ಷ ಅವಳು ಅದನ್ನೇ ತಿರಸ್ಕಾರ ಎಂದುಕೊಂಡು ಹೊತ್ತು ತಿರುಗಿದ್ದಳು.

“ಆಮೇಲೆ ಹಾಡಿದ್ರಾ?” ಎಂದು ಕೇಳಿದಳು.

“ಇಲ್ಲ. ಆಮೇಲೆ ಯಾರಿಗೂ ಹಾಡೋ ಮನಸ್ಸಾಗ್ಲಿಲ್ಲ. ಬಾಟಲಿ ಬೆಚ್ಚಗಾಗಿತ್ತು. ಅಪ್ಪ ಹಂದಿಗಳಿಗೆ ಹೊತ್ತಾಯ್ತು ಅಂತ ಹೊರಟ.”

“ಮಾರೆನ್…”

“ಅಳಬೇಡ. ಇಲ್ಲಿ ಶಾಲೆ ಮಕ್ಕಳು ಬಂದು ಕೂತಿದಾರೆ, ಹೋಗ್ಬೇಕು. ಎಷ್ಟು ಬಂತು?”

“ಹನ್ನೆರಡು.”

“ಬರ್ಲೇಬೇಕಿತ್ತು,” ಅಂದಳು ಮಾರೆನ್, ಮೂಗು ಎಳೆದುಕೊಂಡು. “ಭಾನುವಾರ ಫೋನ್ ಮಾಡು. ಇವತ್ತು ನಂಗೆ ಕೋಪ ಇದೆ. ಭಾನುವಾರದ ಹೊತ್ತಿಗೂ ಇರುತ್ತೆ. ಆದ್ರೂ ಮಾಡು.”

ಸಿಸೆಲ್ ಮಾಡುತ್ತೇನೆ ಅಂದಳು. ಫೋನ್ ಮಡಿಲಿನಲ್ಲಿಟ್ಟುಕೊಂಡು, ಸೈಕಲ್ ತೆಗೆಯಲು ಬಂದವರೆಲ್ಲ ತಿರುಗಿ ನೋಡುವ ಹಾಗೆ, ಬಾಯಿ ಬಿಟ್ಟು ಅತ್ತಳು.